ಔಟ್‌ಬೋರ್ಡ್ ಎಂಜಿನ್ ದೋಣಿಗಳಿಗೆ ಬದಲಿ ಪ್ರೊಪೆಲ್ಲರ್ ಆಯ್ಕೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಬಿಜ್ಜರಗಿ ಭಾಗವು ಕೊಳವೆಬಾವಿ ಹಾಗೂ ದ್ರಾಕ್ಷಿ ತೋಟಗಳ ಪ್ರದೇಶವಾಗಿದ್ದು, ಇಲ್ಲಿ ಮೋಟಾರು ದೋಣಿ ನಿತ್ಯ ಬಳಕೆಯ ವಸ್ತುವಲ್ಲ. ಆದರೆ ಇದೇ ಜಿಲ್ಲೆಯ ದಕ್ಷಿಣಕ್ಕೆ ಆಲಮಟ್ಟಿ ಜಲಾಶಯದ ಹಿನ್ನೀರು, ಉತ್ತರಕ್ಕೆ ಭೀಮಾ ನದಿ ಇರುತ್ತವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಕೊಳ್ಳದಲ್ಲಿ, 2020ರ ಅಕ್ಟೋಬರ್‌ನಲ್ಲಿ ಭೀಮಾ ತೀರದಲ್ಲಿ ಪ್ರವಾಹ ಉಂಟಾದಾಗ ಜನರನ್ನು ಸ್ಥಳಾಂತರಿಸಲು ದೋಣಿಗಳನ್ನೇ ಆಶ್ರಯಿಸಬೇಕಾಯಿತು. ಅಳತೆ ತಪ್ಪಿದ ಪ್ರೊಪೆಲ್ಲರ್ ಜೋಡಿಸಿದ ದೋಣಿಯು ಇಬ್ಬರು ಕುಳಿತ ಪರೀಕ್ಷೆಯಲ್ಲಿ ಸರಿಯಾಗಿ ಓಡಿ, ಪೂರ್ಣ ಭಾರದೊಂದಿಗೆ ಸೆಳವಿಗೆ ಎದುರಾದಾಗ ಮುಂದೆ ಸಾಗದೆ ನಿಲ್ಲುವ ಸಂಭವವಿರುತ್ತದೆ. ಆದ್ದರಿಂದ ದೋಣಿ ಮಾಲೀಕರು ಹಾಗೂ ದೋಣಿ ಇರಿಸಿಕೊಂಡಿರುವ ಸಂಸ್ಥೆಗಳು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

ಅಳತೆಯ ಅರ್ಥ

ಕರಾವಳಿಯ ಮೀನುಗಾರರು 'ಫ್ಯಾನ್' ಎಂದು ಕರೆಯುವ ಪ್ರೊಪೆಲ್ಲರಿನ ಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆಗಳು ಇರುತ್ತವೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಅಂಗುಲಗಳಲ್ಲಿ. ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಸೈದ್ಧಾಂತಿಕವಾಗಿ ಮುಂದೆ ಸಾಗುವ ದೂರ. ನೀರು ಗಟ್ಟಿ ವಸ್ತುವಲ್ಲವಾದ ಕಾರಣ ವಾಸ್ತವದಲ್ಲಿ ಅಷ್ಟು ದೂರ ಸಾಗುವುದಿಲ್ಲ. ಪಿಚ್ ಹೆಚ್ಚಾದಂತೆ ಎಂಜಿನ್ ಮೇಲಿನ ಹೊರೆ ಹೆಚ್ಚುತ್ತದೆ. ಕಡಿಮೆಯಾದಂತೆ ಎಳೆಯುವ ಶಕ್ತಿ ಸುಧಾರಿಸಿ ಗರಿಷ್ಠ ವೇಗ ತಗ್ಗುತ್ತದೆ.

ಬಿಜ್ಜರಗಿಯ ರೈತರಿಗೆ ಇದು ಅಪರಿಚಿತ ಲೆಕ್ಕವಲ್ಲ. ಕೊಳವೆಬಾವಿಯ ಆಳ ನೋಡದೆ ಅಶ್ವಶಕ್ತಿಯೊಂದನ್ನೇ ಹೇಳಿ ಪಂಪು ತಂದರೆ ನೀರು ಮೇಲೇರದಿರುವುದು ಅವರ ಅನುಭವದಲ್ಲಿರುವ ಸಂಗತಿ. ಪ್ರೊಪೆಲ್ಲರಿಗೂ ಅದೇ ನ್ಯಾಯ ಅನ್ವಯಿಸುತ್ತದೆ.

ಪರೀಕ್ಷಿಸುವ ಕ್ರಮ

ಎಂಜಿನ್ ಕೈಪಿಡಿಯಲ್ಲಿ ಪೂರ್ಣ ಥ್ರಾಟಲ್‌ನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂಬ ಮಿತಿಯನ್ನು ನಮೂದಿಸಿರುತ್ತಾರೆ. ದೋಣಿಯಲ್ಲಿ ವಾಡಿಕೆಯ ಭಾರವನ್ನಿರಿಸಿ, ತೆರೆದ ನೀರಿನಲ್ಲಿ ಓಡಿಸಿ, ಟ್ಯಾಕೋಮೀಟರ್ ಮೂಲಕ ಸುತ್ತು ಅಳೆಯತಕ್ಕದ್ದು. ಒಂದು ಅಂಗುಲ ಪಿಚ್ ಬದಲಾದರೆ ಸುಮಾರು 150ರಿಂದ 200 ಸುತ್ತು ವ್ಯತ್ಯಾಸವಾಗುತ್ತದೆ. ಉದಾಹರಣೆಗೆ, ಮಿತಿ 5000–6000 ಇದ್ದು, 13 ಅಂಗುಲ ಪಿಚ್‌ನಲ್ಲಿ 4800 ಸುತ್ತು ಮಾತ್ರ ಬಂದರೆ, ಅದನ್ನು 5400ಕ್ಕೆ ಏರಿಸಲು ಸುಮಾರು 3 ಅಂಗುಲ ಇಳಿಸಿ 10 ಅಂಗುಲ ಪಿಚ್ ಪರೀಕ್ಷಿಸಬಹುದು. ಸುತ್ತು ಮಿತಿ ಮೀರಿದರೆ ಪಿಚ್ ಏರಿಸಬೇಕು. ಮಿತಿಗಿಂತ ಕೆಳಗೆ ದೀರ್ಘಕಾಲ ಓಡಿಸುವುದು ಎಂಜಿನ್ನಿಗೆ ಹಾನಿಕರ, ಇಂಧನವೂ ವ್ಯರ್ಥ.

ಪಿಚ್ ಬದಲಿಸುವ ಮುನ್ನ ಹಳೆಯ ರೆಕ್ಕೆ ಬಾಗಿದೆಯೇ, ನಡುವಿನ ರಬ್ಬರ್ ಬುಷ್ ಜಾರುತ್ತಿದೆಯೇ ಎಂದು ನೋಡತಕ್ಕದ್ದು. ಎಂಜಿನ್ ಜೋರಾಗಿ ತಿರುಗಿಯೂ ದೋಣಿ ಸಾಗದಿದ್ದಲ್ಲಿ ಬುಷ್ ಜಾರುತ್ತಿರುವ ಸಾಧ್ಯತೆ ಇರುತ್ತದೆ. ಎಂಜಿನ್ ತೀರಾ ಎತ್ತರಕ್ಕೆ ಜೋಡಿಸಲ್ಪಟ್ಟು ಪ್ರೊಪೆಲ್ಲರ್ ಗಾಳಿ ಎಳೆದುಕೊಂಡರೂ ಇದೇ ಲಕ್ಷಣ ಕಾಣುತ್ತದೆ.

ಲೋಹ ಮತ್ತು ರೆಕ್ಕೆಗಳು

ಕಲ್ಲು, ಮುಳುಗಿದ ಬೇಲಿ, ಮರದ ಬೊಡ್ಡೆಗಳಿರುವ ಪ್ರವಾಹದ ನೀರಿಗೆ ಅಲ್ಯೂಮಿನಿಯಂ ಪ್ರೊಪೆಲ್ಲರ್ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುವುದು ನಿಜ, ಬೆಲೆಯೂ ಹೆಚ್ಚು. ಆದರೆ ಬಲವಾದ ಪೆಟ್ಟು ಬಿದ್ದಾಗ ರೆಕ್ಕೆ ಬಾಗದೆ ಆಘಾತವು ಗೇರಿಗೆ ತಲುಪುವ ಸಂಭವ ಅಧಿಕ. ಗೇರ್ ದುರಸ್ತಿಯ ವೆಚ್ಚದ ಮುಂದೆ ಒಂದು ಅಲ್ಯೂಮಿನಿಯಂ ರೆಕ್ಕೆಯ ಬೆಲೆ ಅಲ್ಪ. ಮೂರು ರೆಕ್ಕೆಗಳದ್ದು ಸಾಮಾನ್ಯ ಬಳಕೆಗೆ, ನಾಲ್ಕು ರೆಕ್ಕೆಗಳದ್ದು ಹೆಚ್ಚು ಭಾರಕ್ಕೆ ಅನುಕೂಲ.

ಬೇಡಿಕೆ ಪತ್ರದಲ್ಲಿ ನಮೂದಿಸಬೇಕಾದ ವಿವರ

'25 ಅಶ್ವಶಕ್ತಿ ಎಂಜಿನ್ನಿಗೆ ಪ್ರೊಪೆಲ್ಲರ್, ಒಂದು' ಎಂದಷ್ಟೇ ಬರೆದ ಬೇಡಿಕೆ ಪತ್ರದಿಂದ ಸರಿಯಾದ ವಸ್ತು ಬರುವುದು ಅಪರೂಪ. ಕಡಿಮೆ ದರದ್ದು ಬಂದೀತು, ಶಾಫ್ಟಿಗೆ ಕೂರದೆ ಉಗ್ರಾಣ ಸೇರೀತು. ಎಂಜಿನ್ನಿನ ತಯಾರಕರು, ಮಾದರಿ ಹಾಗೂ ಕ್ರಮ ಸಂಖ್ಯೆ, ತಯಾರಾದ ವರ್ಷ, ಶಾಫ್ಟಿನ ಹಲ್ಲುಗಳ ಸಂಖ್ಯೆ, ವ್ಯಾಸ, ಪಿಚ್, ರೆಕ್ಕೆಗಳ ಸಂಖ್ಯೆ, ತಿರುಗುವ ದಿಕ್ಕು, ಲೋಹ ಇವಿಷ್ಟನ್ನೂ ಕಾಣಿಸತಕ್ಕದ್ದು. ಜೊತೆಗೆ ಥ್ರಸ್ಟ್ ವಾಷರ್, ನಟ್ಟು, ಕಾಟರ್ ಪಿನ್ನುಗಳನ್ನೂ ತರಿಸಿಕೊಳ್ಳುವುದು ಒಳಿತು. ರಕ್ಷಣಾ ದೋಣಿಗೆ ಹೆಚ್ಚುವರಿ ಪ್ರೊಪೆಲ್ಲರ್ ಒಂದನ್ನು ಮಳೆಗಾಲಕ್ಕೆ ಮುನ್ನವೇ ಇರಿಸಿಕೊಳ್ಳಬೇಕು.

ಜೋಡಣೆ

ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ತಂತಿ ಕಳಚಿದ ನಂತರವೇ ಪ್ರೊಪೆಲ್ಲರ್ ಮುಟ್ಟತಕ್ಕದ್ದು. ಶಾಫ್ಟಿಗೆ ಸುತ್ತಿಕೊಂಡ ಬಲೆಯ ದಾರವನ್ನು ತೆಗೆಯದಿದ್ದರೆ ಅದು ಸೀಲ್ ಕತ್ತರಿಸಿ ಗೇರ್ ಎಣ್ಣೆಗೆ ನೀರು ಸೇರುತ್ತದೆ. ಹಲ್ಲುಗಳಿಗೆ ನೀರು ತಡೆಯುವ ಗ್ರೀಸ್ ಹಚ್ಚಿ, ನಟ್ಟು ಬಿಗಿಗೊಳಿಸಿ, ಹೊಸ ಕಾಟರ್ ಪಿನ್ ಹಾಕುವುದು. ನೀರಿನಲ್ಲಿರುವವರನ್ನು ಮೇಲೆತ್ತುವಾಗ ಎಂಜಿನ್ ಬಂದ್ ಮಾಡಿರಬೇಕು. ಪ್ರೊಪೆಲ್ಲರಿಗೆ ರಕ್ಷಣಾ ಕವಚ ಇದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.