ಪ್ರದರ್ಶನದ ಕಾರು, ರಸ್ತೆಯ ಕಾರು: ಕ್ಯಾಡಿಲಾಕ್ ಚರಿತ್ರೆಯ ಒಂದು ಎಳೆ

ಮೋಟಾರು ಪ್ರದರ್ಶನಗಳಲ್ಲಿ ಜನರನ್ನು ಬೆರಗುಗೊಳಿಸಲು ಇಡುವ ಕಾನ್ಸೆಪ್ಟ್ ಕಾರುಗಳನ್ನೂ ಕಾರ್ಖಾನೆಯಿಂದ ಹೊರಬಂದು ಮಾರಾಟವಾಗುವ ಕಾರುಗಳನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟು ನೋಡುವುದು ರೂಢಿ. ಅಮೆರಿಕದ ಕ್ಯಾಡಿಲಾಕ್ ಮಟ್ಟಿಗೆ ಈ ವಿಂಗಡಣೆ ಹೆಚ್ಚು ದೂರ ಬರುವುದಿಲ್ಲ. ಪ್ರದರ್ಶನದ ಕಾರನ್ನು ಇಡಿಯಾಗಿ ಮಾರುಕಟ್ಟೆಗೆ ಇಳಿಸಿದಾಗ ಅದು ವ್ಯಾಪಾರದಲ್ಲಿ ಸೋತದ್ದೇ ಹೆಚ್ಚು. ಅದರ ಒಂದೊಂದು ರೇಖೆ, ಒಂದೊಂದು ಸಾಧನ ಇತರ ಮಾದರಿಗಳಿಗೆ ಹಂಚಿಹೋದಾಗ ಮಾತ್ರ ಫಲ ಕೊಟ್ಟಿತು ಎಂಬುದು ಈ ಲೇಖನದ ವಾದ.

ಕ್ಯಾಡಿಲಾಕ್ ಹುಟ್ಟಿದ್ದು 1902ರಲ್ಲಿ, ಡೆಟ್ರಾಯಿಟ್‌ನಲ್ಲಿ. ಅದನ್ನು ಕಟ್ಟಿದ ಹೆನ್ರಿ ಲೀಲ್ಯಾಂಡ್ ನಿಖರತೆಯನ್ನು ವ್ರತದಂತೆ ಪಾಲಿಸಿದವರು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್‌ಗಳನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಒಟ್ಟುಗೂಡಿಸಿ ಕಲಸಿ, ಮತ್ತೆ ಮೂರು ಕಾರುಗಳಾಗಿ ಜೋಡಿಸಿ 500 ಮೈಲಿ ಓಡಿಸಲಾಯಿತು. ಆ ಸಾಧನೆಗೆ ಡ್ಯೂಆರ್ ಟ್ರೋಫಿ ದೊರೆಯಿತು. 1909ರಲ್ಲಿ ಕಂಪನಿ ಜನರಲ್ ಮೋಟರ್ಸ್ ಕೈಸೇರಿತು. 1912ರ ಮಾದರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಅಂದಿನ ಕ್ಯಾಡಿಲಾಕ್‌ನ ಹೆಗ್ಗಳಿಕೆಯೆಲ್ಲ ಯಂತ್ರದ್ದು, ರೂಪದ್ದಲ್ಲ.

ರೂಪಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿದ್ದು 1927ರಲ್ಲಿ. ಕ್ಯಾಡಿಲಾಕ್‌ನ ಜೊತೆಗಾರ ಬ್ರ್ಯಾಂಡ್ ಲಸಾಲ್‌ಗೆ ಹಾರ್ಲಿ ಅರ್ಲ್ ಕೊಟ್ಟ ವಿನ್ಯಾಸ ಮೆಚ್ಚುಗೆ ಪಡೆದ ಮೇಲೆ ಜನರಲ್ ಮೋಟರ್ಸ್ ವಿನ್ಯಾಸಕ್ಕೆಂದೇ ಒಂದು ವಿಭಾಗ ತೆರೆದು ಅವರಿಗೆ ಒಪ್ಪಿಸಿತು. ಮೊದಲ ಕಾನ್ಸೆಪ್ಟ್ ಕಾರು ಎಂಬ ಪಟ್ಟವನ್ನು ಅರ್ಲ್ ಅವರದೇ 1938ರ ಬ್ಯೂಕ್ ವೈ-ಜಾಬ್‌ಗೆ ಕೊಡುವುದು ವಾಡಿಕೆ. ಅದಕ್ಕೂ ಐದು ವರ್ಷ ಹಿಂದೆ, 1933ರ ಶಿಕಾಗೋ ವಿಶ್ವಮೇಳದಲ್ಲಿ, ಹದಿನಾರು ಸಿಲಿಂಡರುಗಳ ಏರೋಡೈನಮಿಕ್ ಕೂಪೆಯನ್ನು ಕ್ಯಾಡಿಲಾಕ್ ಪ್ರದರ್ಶನಕ್ಕೆಂದೇ ತಯಾರಿಸಿ ಇಟ್ಟಿತ್ತು. ಬೆನ್ನು ಇಳಿಜಾರಾಗಿ ಹರಿದ ಛಾವಣಿ, ಹೊರಗೆ ಕಾಣದಂತೆ ಡಿಕ್ಕಿಯೊಳಗೆ ಸೇರಿಸಿದ ಸ್ಟೆಪ್ನಿ, ಇವೆರಡೂ ಆ ಕಾಲಕ್ಕೆ ಹೊಸವು. ಮುಂದೆ ಬೆರಳೆಣಿಕೆಯಷ್ಟು ಶ್ರೀಮಂತರಿಗೆ ಇದೇ ಮಾದರಿಯನ್ನು ಮಾಡಿಕೊಡಲಾಯಿತು. ಇದಕ್ಕೆ ಚರಿತ್ರೆಯಲ್ಲಿ ಇನ್ನೂ ಎತ್ತರದ ಜಾಗ ಸಲ್ಲಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ.

ಯುದ್ಧದ ನಂತರ, 1948ರಲ್ಲಿ, ಲಾಕ್‌ಹೀಡ್ ಪಿ-38 ವಿಮಾನದಿಂದ ಪ್ರೇರಣೆ ಪಡೆದ ಬಾಲದ ರೆಕ್ಕೆಗಳು ಬಂದವು. ಆಮೇಲೆ ಮೋಟೊರಾಮಾ ಪ್ರದರ್ಶನಗಳ ಕಾಲ. ಈ ಚರಿತ್ರೆಯ ತಿರುಳು ಇರುವುದು ಇಲ್ಲೇ, ಎಲ್ಡೊರಾಡೊ ಬ್ರೋಮ್ ಎಂಬ ಒಂದು ಕಾರಿನಲ್ಲಿ. 1954ರ ಪಾರ್ಕ್ ಅವೆನ್ಯೂ ಎಂಬ ಪ್ರದರ್ಶನ ಕಾರು ಅದರ ಮೊದಲ ಕರಡು. 1955ರ ಮೋಟೊರಾಮಾದಲ್ಲಿ ಬ್ರೋಮ್ ಹೆಸರಿನಲ್ಲೇ ಎರಡನೆಯ ರೂಪ ಕಾಣಿಸಿತು. 1957ರಲ್ಲಿ ಅದು ಮಾರಾಟಕ್ಕೆ ಬಂತು, ಪ್ರದರ್ಶನದಲ್ಲಿ ತೋರಿಸಿದ್ದರಲ್ಲಿ ಹೆಚ್ಚಿನದನ್ನು ಉಳಿಸಿಕೊಂಡೇ. ಸ್ಟೇನ್‌ಲೆಸ್ ಸ್ಟೀಲಿನ ಛಾವಣಿ, ನಡುಗಂಬವಿಲ್ಲದೆ ಎದುರುಬದುರಾಗಿ ತೆರೆಯುವ ಬಾಗಿಲುಗಳು, ನಾಲ್ಕು ಹೆಡ್‌ಲೈಟ್, ಗಾಳಿಯ ಸಸ್ಪೆನ್ಷನ್, ಚಾಲಕರಿಗೆ ಒಗ್ಗಿದ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಸೀಟು. ಕೈಪೆಟ್ಟಿಗೆಯಲ್ಲಿ ಆಯಸ್ಕಾಂತಕ್ಕೆ ಅಂಟಿ ನಿಲ್ಲುವ ಲೋಹದ ಲೋಟಗಳೂ ಇದ್ದವು. ಬೆಲೆ 13,074 ಡಾಲರ್; ಅಂದಿನ ರೋಲ್ಸ್-ರಾಯ್ಸ್ ಸಿಲ್ವರ್ ಕ್ಲೌಡ್‌ಗಿಂತಲೂ ಹೆಚ್ಚು. 1957ರಲ್ಲಿ 400, ಮರುವರ್ಷ 304, ಹೀಗೆ ಒಟ್ಟು 704 ಕಾರುಗಳು ತಯಾರಾದವು. ಅಷ್ಟು ಬೆಲೆ ಇಟ್ಟರೂ ಕಂಪನಿಗೆ ಪ್ರತಿ ಕಾರಿನಲ್ಲೂ ನಷ್ಟ. ಗಾಳಿಯ ಸಸ್ಪೆನ್ಷನ್ ಸೋರತೊಡಗಿದ್ದರಿಂದ ಅನೇಕ ಮಾಲೀಕರು ಅದನ್ನು ಕಿತ್ತು ಸ್ಪ್ರಿಂಗ್ ಹಾಕಿಸಿಕೊಂಡರು. 1959 ಮತ್ತು 1960ರ ಬ್ರೋಮ್‌ಗಳನ್ನು ಇಟಲಿಯ ಪಿನಿನ್‌ಫರೀನಾದಲ್ಲಿ ಕೈಯಿಂದ ಕಟ್ಟಿಸಲಾಯಿತು. ಅವು ಒಟ್ಟು 200 ಮಾತ್ರ. ಆದರೆ ನಾಲ್ಕು ಹೆಡ್‌ಲೈಟುಗಳು 1958ರ ಹೊತ್ತಿಗೆ ಅಮೆರಿಕದ ಸಾಧಾರಣ ಕಾರುಗಳಲ್ಲೂ ಬೆಳಗುತ್ತಿದ್ದವು, ನೆನಪಿನ ಸೀಟು ಇಂದು ದುಬಾರಿ ಕಾರುಗಳಿಗೆಲ್ಲ ಸಹಜ. ಬ್ರೋಮ್‌ನ ಗಳಿಕೆಯನ್ನು ಅಳೆಯುವಾಗ ಇವನ್ನೂ ಲೆಕ್ಕಕ್ಕೆ ಸೇರಿಸಬೇಕು.

1959ರ ಸೈಕ್ಲೋನ್ ಮಾರಾಟಕ್ಕೆ ಬರಲೇ ಇಲ್ಲ. ಮೂತಿಯ ಎರಡು ಕಪ್ಪು ಶಂಕುಗಳಲ್ಲಿದ್ದ ರೇಡಾರ್ ಎದುರಿಗೆ ಅಡ್ಡಿಯಿದ್ದರೆ ಚಾಲಕರನ್ನು ಎಚ್ಚರಿಸುತ್ತಿತ್ತು. ಸುಮಾರು 45 ವರ್ಷಗಳ ನಂತರ, ಮುಂದಿನ ವಾಹನದ ದೂರವನ್ನು ರೇಡಾರ್‌ನಿಂದ ಅಳೆದು ವೇಗ ಹೊಂದಿಸಿಕೊಳ್ಳುವ ವ್ಯವಸ್ಥೆಯೊಂದಿಗೆ ಕ್ಯಾಡಿಲಾಕ್ ಎಕ್ಸ್‌ಎಲ್‌ಆರ್ ರಸ್ತೆಗಿಳಿಯಿತು.

ಎಕ್ಸ್‌ಎಲ್‌ಆರ್‌ನ ಮೂಲ 1999ರ ಇವೋಕ್. ಗಿರಾಕಿಗಳಿಗೆ ವಯಸ್ಸಾಗುತ್ತಿದ್ದ, ಜರ್ಮನ್ ಮತ್ತು ಜಪಾನಿ ಕಾರುಗಳ ಎದುರು ಬಳಲುತ್ತಿದ್ದ ಬ್ರ್ಯಾಂಡಿಗೆ ಹರಿತ ಅಂಚುಗಳ ಹೊಸ ಮೈಕಟ್ಟನ್ನು ತೋರಿಸಿಕೊಟ್ಟ ಕಾರು ಅದು. ಇವೋಕ್ ಅನ್ನು ಬಹುಮಟ್ಟಿಗೆ ಹಾಗೆಯೇ ಅನುಸರಿಸಿದ ಎಕ್ಸ್‌ಎಲ್‌ಆರ್ ನಿರೀಕ್ಷಿಸಿದಷ್ಟು ಮಾರಾಟವಾಗದೆ 2009ರಲ್ಲಿ ನಿಂತಿತು. ಅದೇ ಅಂಚುಗಳನ್ನು ನಾಲ್ಕು ಬಾಗಿಲುಗಳ ಸೆಡಾನಿಗೆ ತಂದ ಸಿಟಿಎಸ್ ಬ್ರ್ಯಾಂಡಿನ ಚೇತರಿಕೆಗೆ ದಾರಿಮಾಡಿತು. 2009ರ ಕಾನ್ಸೆಪ್ಟ್ ಕಾರು ಕನ್ವರ್ಜ್ ಕೂಡ ರೂಪ ಹೆಚ್ಚು ಬದಲಿಸದೆ ಇಎಲ್‌ಆರ್ ಆಗಿ ಬಂತು. ಶೆವರ್ಲೆ ವೋಲ್ಟ್‌ನ ಯಂತ್ರಾಂಗವನ್ನೇ ಹೊತ್ತ ಕಾರಿಗೆ 75 ಸಾವಿರ ಡಾಲರಿಗೂ ಹೆಚ್ಚು ಬೆಲೆ ತೆರಲು ಹೆಚ್ಚು ಮಂದಿ ಒಪ್ಪಲಿಲ್ಲ. ಎರಡು ವರ್ಷಗಳಲ್ಲೇ ಬೆಲೆ ಇಳಿಸಬೇಕಾಯಿತು, ತಯಾರಿಕೆಯೂ ಬೇಗ ನಿಂತಿತು. 2003ರ ಸಿಕ್ಸ್‌ಟೀನ್‌ನದು ಬೇರೆ ದಾರಿ. 13.6 ಲೀಟರಿನ, 1,000 ಅಶ್ವಶಕ್ತಿಯ ಆ ಎಂಜಿನ್ನನ್ನು ಯಾರಿಗೂ ಮಾರಲಿಲ್ಲ, ಆದರೆ ಅದರ ಮುಖಚರ್ಯೆ ಮುಂದಿನ ಕ್ಯಾಡಿಲಾಕ್‌ಗಳಲ್ಲಿ ಉಳಿದುಕೊಂಡಿತು.

2022ರಲ್ಲಿ ಅನಾವರಣಗೊಂಡ ವಿದ್ಯುತ್ ಕಾರು ಸೆಲೆಸ್ಟಿಕ್‌ನ ಆರಂಭಿಕ ಬೆಲೆ 3 ಲಕ್ಷ ಡಾಲರಿಗೂ ಹೆಚ್ಚು. 1957ರ ಬ್ರೋಮ್ ಅದರ ಪ್ರೇರಣೆಗಳಲ್ಲೊಂದು ಎಂದು ಕಂಪನಿಯೇ ಹೇಳಿಕೊಂಡಿದೆ. ವಾರೆನ್‌ನಲ್ಲಿರುವ ಜನರಲ್ ಮೋಟರ್ಸ್‌ನ ತಂತ್ರಜ್ಞಾನ ಕೇಂದ್ರದಲ್ಲಿ, ಅಂದರೆ ಕಾನ್ಸೆಪ್ಟ್ ಕಾರುಗಳು ರೂಪುಗೊಳ್ಳುವ ಆವರಣದಲ್ಲೇ, ಒಂದೊಂದನ್ನೂ ಗಿರಾಕಿಯ ಇಷ್ಟದಂತೆ ಕೈಯಿಂದ ಕಟ್ಟಿಕೊಡುತ್ತಾರೆ. ಈ ಬಾರಿ ಕ್ಯಾಡಿಲಾಕ್ ಹೆಚ್ಚು ಮಾರುವ ಗುರಿಯನ್ನೇ ಇಟ್ಟುಕೊಂಡಿಲ್ಲ.