ಖಂಡಿಸುವುದೆಂದರೇನು?

ಇಂಗ್ಲಿಷಿನ ‘ಡಿನೌನ್ಸ್’ ಎಂದರೆ ಬೈಯುವುದೇ ಎಂದು ಐಮಂಗಲದಲ್ಲಿ ವಿದ್ಯಾರ್ಥಿಯೊಬ್ಬನು ಕೇಳಿದನು. ಅಲ್ಲ. ಆ ಪದದ ಲ್ಯಾಟಿನ್ ಮೂಲಕ್ಕೆ ‘ಸಾರಿ ಹೇಳು’ ಎಂದರ್ಥ. ಆದುದರಿಂದಲೇ ಒಂದು ರಾಷ್ಟ್ರವು ಒಪ್ಪಂದವನ್ನು ‘ಡಿನೌನ್ಸ್’ ಮಾಡಿತೆಂದರೆ, ನಿಂದಿಸಿತೆಂದಲ್ಲ. ತಾನಿನ್ನು ಅದಕ್ಕೆ ಬದ್ಧವಲ್ಲವೆಂದು ಸಾರಿತೆಂದು ತಿಳಿಯಬೇಕು. ಜನರ ಮುಂದೆ ದೋಷವನ್ನೆತ್ತಿ ಸಾರುವುದಕ್ಕೆ ನಾವು ‘ಖಂಡಿಸು’ ಎನ್ನುತ್ತೇವೆ. ಸಂಸ್ಕೃತ ಮೂಲದ ಈ ಮಾತಿಗೆ ‘ತುಂಡರಿಸು’ ಎಂದೂ ಅರ್ಥವುಂಟು.

ಈ ಎರಡು ಅರ್ಥಗಳೂ ನಮ್ಮ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಒಂದಾದುವು. 1939ರ ಅರಣ್ಯ ಸತ್ಯಾಗ್ರಹದಲ್ಲಿ, ಸರ್ಕಾರಕ್ಕೆ ಹೆಂಡದ ವರಮಾನ ತರುತ್ತಿದ್ದ ಈಚಲ ಮರಗಳನ್ನು ಜನರು ಕಡಿದರು. ಎಸ್. ನಿಜಲಿಂಗಪ್ಪನವರೂ ಸೆರೆಮನೆ ಸೇರಿದರು. ಬೈಯುವವನು ಮನೆಯೊಳಗೆ ಕುಳಿತೂ ಬೈಯಬಹುದು. ಖಂಡಿಸುವವನು ಬೀದಿಗೆ ಬಂದು ಅದರ ಫಲವನ್ನೂ ಹೊರಬೇಕೆಂದು ಹುಡುಗನಿಗೆ ಹೇಳಿದೆನು.