ಪುರ ಗ್ರಾಮದ ಪಾಠ

ಹಳ್ಳಿಗೆ ಏನು ಬೇಕೆಂದು ಹೇಳಬೇಕಾದವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಆರಂಭಿಸಿದರು; ಗ್ರಾಮಗಳಿಗೆ ಒಗ್ಗುವ ತಂತ್ರಜ್ಞಾನ ಅದರ ಗುರಿ. ಕುಣಿಗಲ್ ತಾಲ್ಲೂಕಿನ ಪುರದಲ್ಲಿ ವಿಜ್ಞಾನಿಗಳು ಮೊದಲು ಗೋಬರ್ ಗ್ಯಾಸಿನಿಂದ ಅಡುಗೆ ಮಾಡಿಸಲು ಹೊರಟರು. ಊರಿನ ಸಗಣಿ ಎಲ್ಲ ಒಲೆಗಳಿಗೆ ಸಾಲದು. ಸೌದೆಯೋ ಕಾಸಿಲ್ಲದೆ ಸಿಗುತ್ತಿತ್ತು. ಜನರಿಗೆ ಬೇಕಿದ್ದುದು ಕುಡಿಯುವ ನೀರು. ಯೋಜನೆಯೇ ಬದಲಾಯಿತು. 1987ರಲ್ಲಿ ಅದೇ ಅನಿಲ, ಸ್ವಲ್ಪ ಡೀಸೆಲ್ ಜೊತೆಗೂಡಿ ಎಂಜಿನ್ ಓಡಿಸಿತು: ನೀರು ಮೇಲೇರಿತು, ಮನೆಗಳಲ್ಲಿ ದೀಪ ಬೆಳಗಿತು. ಸಗಣಿ ತಂದವರಿಗೆ ಹಣ ಸಿಕ್ಕಿತು, ಗೊಬ್ಬರವೂ ಮರಳಿತು. ಕ್ಯಾಮೆರಾ ಹೊತ್ತು ಹಳ್ಳಿಗೆ ಹೋಗುವ ನಾವೂ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿರುತ್ತೇವೆ. ಮೊದಲು ಕೇಳೋಣ, ಆಮೇಲೆ ಹೇಳೋಣ.